ಉಣ್ಣೆಯ ಮೇಲಿನ ಅಳತೆ

ನನ್ನ ಗಂಡ ನೆಲ್ಸನ್‌ನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ನೀರಿನ ಕ್ಯಾನಿನವನು ಬೆಲ್ ಮಾಡಿದ. ಖಾಲಿ ಕ್ಯಾನ್ ತರಲು ಬಾಲ್ಕನಿಗೆ ಹೋದಾಗ ಮರದ ಜೀನು ಕಾಲಿಗೆ ತಾಗಿತು.

ಅದು ಲಾಮಾಗಳ ಬೆನ್ನಿಗೆ ಹೊರೆ ಕಟ್ಟುವ ಜೀನು. ಲಾಮಾ ಎಂದರೆ ಡುಬ್ಬವಿಲ್ಲದ, ಉಣ್ಣೆ ತುಂಬಿದ ಸಣ್ಣ ಒಂಟೆಯಂಥ ಪ್ರಾಣಿ. ಅಬುಧಾಬಿಯ ಹೊರಗೆ ಒಂದು ಫಾರ್ಮಿನಲ್ಲಿ ಆರು ಇವೆ. ಸೆಪ್ಟೆಂಬರಿನಲ್ಲಿ ಮಾಲೀಕರು, ಇಲ್ಲಿನವರ ಮಾತಿನಲ್ಲಿ ಅರ್ಬಾಬ್, ಅವನ್ನು ಕಜಕಿಸ್ತಾನದ ಬೆಟ್ಟಗಳಿಗೆ ಬೇಟೆಗೆ ಒಯ್ಯುವವರು. ಬೇಟೆ ಸಾಮಾನಿನ ಅಂಗಡಿಯಲ್ಲಿದ್ದ ನೆಲ್ಸನ್ ಆ ಆರಕ್ಕೂ ಜೀನು ಆರಿಸುತ್ತಿದ್ದ. ಮಾದರಿಗೆಂದು ಇದೊಂದನ್ನು ಫಾರ್ಮ್ ನೋಡಿಕೊಳ್ಳುವ ಅಲಿಯಬ್ಬರಿಂದ ಕೇಳಿ ತಂದಿದ್ದ.

ಎಂಟಕ್ಕೆ ಅಂಗಡಿಯ ಯುಜಿನ್ ಫೋನ್ ಮಾಡಿದ.

"ಶಾರನ್, ಇವತ್ತು ಕೇಳ್ಲಿಕ್ಕೆ ನಾಚಿಕೆ ಆಗ್ತದೆ ಮಾರಾಯ್ತಿ. ಆರ್ಡರ್ ಎರಡು ಗಂಟೆಗೆ ಹೋಗ್ಬೇಕು. ಅವನ ಫೈಲ್ ಅಲ್ಲಿ ಉಂಟಾ?"

ಇತ್ತು. ಚೌಕಟ್ಟಿಲ್ಲದ ಚೀಲಗಳನ್ನು ಅವನು ಹೊಡೆದು ಹಾಕಿದ್ದ: ಬೇಟೆಯ ಮಾಂಸದ ಭಾರ ಬೆನ್ನುಮೂಳೆಯ ಮೇಲೆ ಕೂರುತ್ತದೆ. ಅಗಲ ಹೊಂದಿಸಬಹುದಾದ ಲೋಹದ ಚೌಕಟ್ಟಿಗೆ ಪ್ರಶ್ನಾರ್ಥಕ. ಮಾದರಿಯಂಥದ್ದೇ ಅಗಲದ ಮರದ ಚೌಕಟ್ಟಿಗೆ ಟಿಕ್. ಕೆಳಗೆ ಅಳತೆಗಳು, ತಾರೀಕು ಮಾರ್ಚ್ ಒಂಬತ್ತು.

ಅಳತೆ ಯಾವಾಗ ತೆಗೆದದ್ದು ಎಂದು ಮೊದಲು ನೋಡಬೇಕೆಂದು ಎಂ.ಎಸ್ಸಿ.ಯಲ್ಲಿ ನನಗೆ ಕಲಿಸಿದ್ದರು. ಈಗ ಜೂನ್. ಹೇಗೂ ಜೀನು ಹಿಂದಿರುಗಿಸಬೇಕಿತ್ತು. ಯುಜಿನ್‌ಗೆ ಕಾಯಲು ಹೇಳಿ, ಅದನ್ನು ಹಿಂದಿನ ಸೀಟಿನಲ್ಲಿಟ್ಟು ಹೊರಟೆ. ದಾರಿಯಲ್ಲಿ ಅಳು ಬರಲಿಲ್ಲ.

ಅಲಿಯಬ್ಬರು ಒಂದು ಲಾಮಾವನ್ನು ಹಿಡಿದು ಗೇಟಿನಲ್ಲೇ ನಿಂತಿದ್ದರು. "ದೂರ ನಿಲ್ಲು ಮಗಳೇ, ಉಗುಳ್ತದೆ ಅದು. ನಿನ್ನ ಗಂಡನ ಮೇಲೆ ಮೂರು ಸಲ ಉಗುಳಿತ್ತು. ಅವ ಅದಕ್ಕೂ ಥ್ಯಾಂಕ್ಯೂ ಹೇಳಿದ."

ಲಾಮಾದ ಮೈ ಬೋಳಾಗಿತ್ತು. ಕತ್ತು, ಕಾಲು ಬಿಟ್ಟರೆ ಉಣ್ಣೆಯೇ ಇಲ್ಲ.

"ಯಾವಾಗ ಕತ್ತರಿಸಿದ್ದು?"

"ಮೇ ತಿಂಗಳಲ್ಲಿ. ಈ ಸೆಕೆಗೆ ಬಿಟ್ರೆ ಖಲಾಸ್. ಸೆಪ್ಟೆಂಬರಿಗೆ ಒಂದು ಬೆರಳು ಬೆಳೆದ್ರೆ ಹೆಚ್ಚು."

ಜೀನು ಹಾಕಿಸಿದೆ. ಅವರು ಎದೆಯ ಪಟ್ಟಿ, ಹೊಟ್ಟೆಯ ಪಟ್ಟಿಗಳನ್ನು ಬಿಗಿದರು. ಬೆನ್ನುಮೂಳೆಗೂ ಮರಕ್ಕೂ ನಡುವೆ ಎರಡು ಬೆರಳು ಹೋಗಬೇಕು ಎಂದು ನೆಲ್ಸನ್ ಬರೆದಿದ್ದ. ನನ್ನ ಒಂದು ಬೆರಳೂ ಹೋಗಲಿಲ್ಲ. ಉಣ್ಣೆಯಿಲ್ಲದೆ ತೆಳ್ಳಗಾದ ಬೆನ್ನಿನ ಮೇಲೆ ಅಗಲದ ಚೌಕಟ್ಟು ಕೆಳಗಿಳಿದು ಮೂಳೆಗೇ ಕೂತಿತ್ತು.

"ಬೆಟ್ಟ ಹತ್ತುವಾಗ ಗಾಯ ಆಗ್ತದೆ," ಎಂದರು ಅಲಿಯಬ್ಬರು. "ಆಮೇಲೆ ಅರ್ಬಾಬ್ ನನ್ನನ್ನು ಊರಿಗೆ ಕಳಿಸ್ತಾರೆ. ಉಣ್ಣೆ ಕತ್ತರಿಸ್ತೇವೆ ಅಂತ ನಿನ್ನ ಗಂಡನಿಗೆ ಹೇಳ್ಬೇಕಿತ್ತು. ಹೇಳಿರ್ಲಿಲ್ಲ."

ನೆಲ್ಸನ್ ಮಾಡಿದ ಕೊನೆಯ ಕೆಲಸ ಆ ಟಿಕ್. ಅಂಗಡಿಗೆ ಫೋನ್ ಮಾಡಿದೆ. ಒಂದೂಕಾಲಾಗಿತ್ತು.

"ಯುಜಿನ್, ಮರದ್ದು ಬೇಡ. ಹೊಂದಿಸುವಂಥದ್ದು ಬರಿ. ಆರೂ."

"ಆದ್ರೆ ನೆಲ್ಸನ್ ಬರೆದದ್ದು..."

"ನೆಲ್ಸನ್ ಉಣ್ಣೆಯ ಮೇಲೆ ಅಳೆದದ್ದು."

"ಸರಿ, ಬದಲಿಸ್ತೇನೆ," ಎಂದ.

ಅಲಿಯಬ್ಬರು ಜೀನು ಬಿಚ್ಚಿದರು. ಹೊಟ್ಟೆಯ ಪಟ್ಟಿಯ ಮೇಲೆ ನೀಲಿ ಪೆನ್ನಿನ ಗೆರೆಯೊಂದಿತ್ತು. ಇಲ್ಲಿಯವರೆಗೆ ಬಿಗಿಯಬೇಕೆಂದು ಅವನು ಎಳೆದದ್ದು. ಒರೆಸಲು ಬಟ್ಟೆ ತೆಗೆದವರು ನನ್ನ ಮುಖ ನೋಡಿ ಕೈ ಹಿಂದೆ ತೆಗೆದರು.

"ಒರೆಸಿ," ಎಂದೆ. "ಯಾರಾದರೂ ಅದನ್ನೇ ನಂಬಿ ಬಿಗಿದಾರು."

ಶೆಡ್ಡಿನ ಗೋಡೆಯಲ್ಲಿ ಜೀನಿನ ಮೊಳೆ ಖಾಲಿಯಿತ್ತು. ನಾನೇ ನೇತುಹಾಕಿದೆ.