ಚಿಲ್‌ಬುನ್ ಅಕ್ಕನ ಕೈಯ ಉಪ್ಪು

ಕಡಲಿಗೆ ಹತ್ತಿರ, ಸೊಮ್ಜಿನ್ ಹೊಳೆಯ ದಂಡೆಯಲ್ಲಿ ಮರುವಾಯಿ ಸಾರಿನ ಅಂಗಡಿಗಳು ಸಾಲಾಗಿದ್ದವು. ಒಂದೊಂದೇ ಬಾಗಿಲು ಹಾಕಿ, ಉಳಿದದ್ದು ಚಿಲ್‌ಬುನ್ ಅಕ್ಕನದೊಂದೇ. ಆ ಅಂಗಡಿಗೆ ಬೆಳ್ಳುಳ್ಳಿ ಸೊಪ್ಪು ಕೊಡುವವಳು ನಾನು. ದಿನಾ ಬೆಳಿಗ್ಗೆ ಹಿತ್ತಿಲ ಬಾಗಿಲಿಂದ ಹೋಗಿ, ಸೊಪ್ಪಿನ ಕಟ್ಟು ಇಳಿಸಿ, ಅಕ್ಕನನ್ನು ನಾಲ್ಕು ಮಾತು ಚುಚ್ಚಿ, ಎಂಟು ಮಾತು ಚುಚ್ಚಿಸಿಕೊಂಡು ಬರದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ.

ನಮ್ಮ ಹೊಳೆಯ ಮರುವಾಯಿ ಚಿಪ್ಪು ಉಗುರಿನಷ್ಟು ಚಿಕ್ಕದು. ಬೇಯಿಸಿದರೆ ನೀರು ಹಾಲಿನ ಹಾಗೆ ಮಸುಕಾಗುತ್ತದೆ. ಅದಕ್ಕೆ ಬೇಕಾದ್ದು ಉಪ್ಪು ಮತ್ತು ಸೊಪ್ಪು, ಅಷ್ಟೆ. ಅಕ್ಕ ಆ ಉಪ್ಪನ್ನು ಕಣ್ಣಳತೆಯಲ್ಲೇ ಹಾಕುತ್ತಿದ್ದಳು, ರುಚಿ ನೋಡುತ್ತಿರಲಿಲ್ಲ. ಮೊದಲ ಗಿರಾಕಿ ಉಣ್ಣುವ ಮುಂಚೆ ಅಡುಗೆಯವಳು ನಾಲಿಗೆಗೆ ತಾಗಿಸಬಾರದು ಎನ್ನುವುದು ಅವಳ ಅತ್ತೆ ಕಲಿಸಿದ ಕಟ್ಟಳೆ. ಇನ್ನೊಂದು ಹಟವೂ ಇತ್ತು. ಊರಿಗೆಲ್ಲ ನಲ್ಲಿ ಬಂದರೂ ಮರುವಾಯಿ ನೆನೆಸುವುದಕ್ಕೂ ಬೇಯಿಸುವುದಕ್ಕೂ ಹಿತ್ತಿಲ ಬಾವಿಯ ನೀರೇ ಆಗಬೇಕು. ನಲ್ಲಿ ನೀರಿಗೆ ಔಷಧಿ ವಾಸನೆ ಅನ್ನುತ್ತಿದ್ದಳು. ಕುಡಿಯುವುದಕ್ಕೆ ಮಾತ್ರ ಎಲ್ಲರೂ ನಲ್ಲಿಯದನ್ನೇ ಬಳಸುತ್ತಿದ್ದರು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಬಹಳ ಕಾಲದ ಗಿರಾಕಿ ಲಾರಿ ಡ್ರೈವರೊಬ್ಬ ಒಂದು ಚಮಚ ಬಾಯಿಗಿಟ್ಟು ಮುಖ ಹಿಂಡಿದ.

"ಏನಜ್ಜಿ, ಹೊಳೆ ಸಾರು ಕೇಳಿದ್ರೆ ಸಮುದ್ರಾನೇ ಬಡಿಸಿದ್ದೀರಲ್ಲ!"

"ನಿನ್ನ ಹೆಂಡ್ತಿ ಸಪ್ಪೆ ಅಡುಗೆ ತಿಂದು ತಿಂದು ನಾಲಿಗೆ ಸತ್ತಿದೆ ನಿಂಗೆ," ಎಂದು ಅಕ್ಕ ನಗುತ್ತ ತಾನೂ ಒಂದು ಚಮಚ ಕುಡಿದಳು. ನಗು ಅಲ್ಲೇ ನಿಂತಿತು. ಸಾರು ಉಪ್ಪುಪ್ಪಾಗಿತ್ತು.

"ಹಾಕಿದ್ದು ಮರ್ತು ಇನ್ನೊಂದು ಸಲ ಹಾಕಿದೀನಿ ಅನ್ಸತ್ತೆ," ಅಂದಳು ಮೆಲ್ಲಗೆ.

ಮತ್ತೆ ಹತ್ತು ಹನ್ನೆರಡು ದಿನ ಎಲ್ಲ ಸರಿಯಾಗಿತ್ತು. ಆಮೇಲೆ ಪುನಃ ಅದೇ ದೂರು. ಹುಣ್ಣಿಮೆ ಬಂದರೆ, ಅಮಾವಾಸ್ಯೆ ಬಂದರೆ ಸಾರು ಕೆಡುತ್ತದೆ ಎಂಬುದನ್ನು ಮೊದಲು ಗಮನಿಸಿದವಳು ಸೊಸೆ ಇನ್‌ಸಿಲ್. ಕೆಟ್ಟವಳಲ್ಲ ಇನ್‌ಸಿಲ್. ಗಂಡ ಹೊಳೆಗಿಳಿದು ಮರುವಾಯಿ ಬಾಚಿ ತಂದರೆ, ತೊಳೆದು ಜಾಲಿಸುವ ಕೆಲಸವೆಲ್ಲ ಅವಳದೇ.

"ಅಮಾಸೆ ಹುಣ್ಣಿಮೆಗೆ ವಯಸ್ಸಾದವರ ತಲೆ ಕೆಡುತ್ತಂತಲ್ಲ ಚಿಕ್ಕಮ್ಮ," ಅಂದಳು ನನ್ನ ಕಿವಿಯಲ್ಲಿ. ನಾನೂ ಹೂಂ ಅಂದೆ. ಉಬ್ಬರ ಯಾವ ದಿನ ಎಷ್ಟು ಏರುತ್ತದೆಂದು ನಿದ್ದೆಯಲ್ಲಿ ಕೇಳಿದರೂ ಹೇಳುವ ಜನ ನಾವು. ಆದರೂ ನಮಗೆ ಹೊಳೆಯ ಮೇಲೆ ಅನುಮಾನ ಬರಲಿಲ್ಲ, ಮುದುಕಿಯ ಮೇಲೆ ಬಂತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಇನ್‌ಸಿಲ್ ಉಪ್ಪಿನ ಜಾಡಿಯನ್ನು ತನ್ನ ಕೈಗೆ ತೆಗೆದುಕೊಂಡಳು. ಆದರೂ ಮುಂದಿನ ಹುಣ್ಣಿಮೆಗೆ ಸಾರು ಉಪ್ಪಾಯಿತು. ತಾನಿಲ್ಲದಾಗ ಅತ್ತೆಯೇ ಕದ್ದು ಹಾಕಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು. ಗಿರಾಕಿಗಳು ಕೂತಿದ್ದ ಹಾಗೆಯೇ ಕೂಗಿಬಿಟ್ಟಳು:

"ಅಮ್ಮ, ಕೈ ತೋರ್ಸಿ! ನಿಮ್ಮ ಕಾಲಿಗೆ ಬೀಳ್ತೀನಿ, ಒಲೆ ಹತ್ರ ಮಾತ್ರ ಬರಬೇಡಿ."

ಅಕ್ಕ ಎರಡೂ ಕೈ ಚಾಚಿ ತೋರಿಸಿದಳು. ಬಾಯಿ ಬಿಟ್ಟರೆ ಊರನ್ನೇ ಜಾಲಾಡುತ್ತಿದ್ದವಳು, ಹೇಳಿದ ಹಾಗೆ ಒಲೆ ಬಿಟ್ಟು ಹಿಂದೆ ಸರಿದಳು.

ಅಂದಿನಿಂದ ಅವಳು ಹಿಂದಿನ ಕೋಣೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಳು. ಆಮೇಲೆ ಒಳ್ಳೆ ಮಳೆಯಾಗಿ ಹೊಳೆ ತುಂಬಿತು, ಸಾರು ಕೆಡುವುದೂ ನಿಂತಿತು, ತಪ್ಪು ಅವಳದೇ ಎಂದು ಎಲ್ಲರೂ ನಂಬಿಕೊಂಡೆವು. ನಾನು ಬೇಕೆಂದೇ ಕೆಣಕುತ್ತಿದ್ದೆ. "ಉಪ್ಪಿಗಿಂತ ರುಚಿಯಿಲ್ಲ ಅಂತ ಜಾಸ್ತಿ ನಂಬಿದ್ದು ನೀನೇ ಕಣಕ್ಕ," ಎಂದರೂ ತಿರುಗಿ ಬೈಯಲಿಲ್ಲ. ಬದಲಿಗೆ, "ನಾನು ಉಂಡ್ನಾ?" ಎಂದು ಕೇಳಿದಳು. "ಬಾಗಿಲು ಹಾಕಿದ್ನಾ? ನಿನ್ನೆ ನೀನು ಬಂದಿದ್ದೆಯಾ?" ಎಲ್ಲವೂ ಸರಿಯಾಗಿಯೇ ನೆನಪಿತ್ತು ಅವಳಿಗೆ. ನೆನಪನ್ನು ನಂಬುವ ಧೈರ್ಯ ಮಾತ್ರ ಹೋಗಿತ್ತು. ಚಳಿಗಾಲ ಕಳೆಯುವ ಹೊತ್ತಿಗೆ ಯಾರಾದರೂ ತಟ್ಟೆ ಮುಂದಿಟ್ಟು ಉಣ್ಣು ಎನ್ನುವವರೆಗೆ ಉಣ್ಣದ ಸ್ಥಿತಿಗೆ ಬಂದಿದ್ದಳು.

ಈ ವರ್ಷ ಮಳೆ ಕೈಕೊಟ್ಟಿತು. ಬೇಸಿಗೆಯ ಹುಣ್ಣಿಮೆಯ ಬೆಳಿಗ್ಗೆ ನಾನು ಸೊಪ್ಪು ತಂದಾಗ ಇನ್‌ಸಿಲ್ ಹಂಡೆಯ ಮುಂದೆ ಬಿಳಿಚಿಕೊಂಡು ನಿಂತಿದ್ದಳು.

"ಚಿಕ್ಕಮ್ಮ, ಇನ್ನೂ ಉಪ್ಪೇ ಹಾಕಿಲ್ಲ ನಾನು. ಅಮ್ಮ ಎದ್ದೂ ಇಲ್ಲ. ಕುಡಿದು ನೋಡಿ."

ಕುಡಿದೆ. ಗಂಟಲಿಗೆ ಹಿಡಿಯಿತು. ಇಬ್ಬರೂ ಮುಖ ಮುಖ ನೋಡಿಕೊಂಡು, ಹಿತ್ತಿಲಿಗೆ ಓಡಿ ಬಾವಿಯಿಂದ ಒಂದು ಕೊಡ ಸೇದಿದೆವು. ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡರೆ ಅಪ್ಪಟ ಕಡಲಿನ ನೀರು. ಮೇಲೆ ಅಣೆಕಟ್ಟು ಕಟ್ಟಿ ಹೊಳೆಯನ್ನು ಬಡಕಲು ಮಾಡಿದ್ದರು, ಕೆಳಗೆ ಮರಳು ತೋಡಿ ತೋಡಿ ಕಡಲಿಗೆ ದಾರಿ ಮಾಡಿಕೊಟ್ಟಿದ್ದರು. ಹೊಳೆಯಲ್ಲಿ ನೀರು ಕಡಿಮೆಯಿದ್ದು ದೊಡ್ಡ ಉಬ್ಬರ ಬಂದಾಗಲೆಲ್ಲ ಕಡಲು ಹೊಳೆಯೊಳಗೆ ನುಗ್ಗಿ, ನೆಲದಡಿಯಿಂದ ನಮ್ಮ ಬಾವಿಗೂ ಬಂದು ಕೂತಿತ್ತು.

ಅಷ್ಟರಲ್ಲಿ ಇನ್‌ಸಿಲ್‌ಳ ಗಂಡ ಹೊಳೆಯಿಂದ ಬಂದು ಬುಟ್ಟಿ ಸುರಿದ. ಬಾಯಿ ತೆರೆದ ಖಾಲಿ ಚಿಪ್ಪುಗಳೇ ಅಂಗಳದ ತುಂಬ. "ಎಲ್ಲಿ ಬಾಚಿದ್ರೂ ಇದೇ. ಉಪ್ಪು ನೀರಿಗೆ ಪೂರ್ತಿ ಸತ್ತಿವೆ," ಎಂದು ಅಲ್ಲೇ ಕುಕ್ಕರಿಸಿದ.

ಇನ್‌ಸಿಲ್‌ಳ ಕಿವಿಗೆ ಅದು ಬೀಳಲೇ ಇಲ್ಲ. ಅವಳು ಒಳಗೋಡಿ ಅತ್ತೆಯ ಕಾಲು ಹಿಡಿದುಕೊಂಡಿದ್ದಳು.

"ಅಮ್ಮ, ತಪ್ಪು ನಿಮ್ದಲ್ಲ. ಬಾವಿ ನೀರೇ ಉಪ್ಪಾಗಿದೆ. ನಿಮ್ಮ ತಲೆಗೆ ಏನೂ ಆಗಿರ್ಲಿಲ್ಲ. ಬನ್ನಿ, ಒಲೆ ಮುಂದೆ ನೀವೇ ನಿಲ್ಲಿ. ನಲ್ಲಿ ನೀರಲ್ಲಿ ಮಾಡೋಣ."

ಅಕ್ಕನ ಮುಖ ಅರಳುತ್ತದೆ, ಇನ್ನು ನಮಗೆಲ್ಲ ಬೈಗುಳದ ಅಭಿಷೇಕ ಆಗುತ್ತದೆ ಎಂದು ನಾನು ಆಸೆಯಿಂದ ಕಾದೆ. ಅವಳು ತೆರೆದ ಬಾಗಿಲಾಚೆ ಅಂಗಳದಲ್ಲಿದ್ದ ಚಿಪ್ಪಿನ ರಾಶಿಯನ್ನು ಬಹಳ ಹೊತ್ತು ನೋಡಿದಳು.

"ನನ್ನ ತಲೆ ಕೆಟ್ಟಿದ್ರೇನೇ ಚೆನ್ನಾಗಿತ್ತು ಕಣೇ," ಅಂದಳು. "ನಾನೊಬ್ಳು ಹೋಗ್ತಿದ್ದೆ. ಹೊಳೆ ಇರ್ತಿತ್ತು."

ಇನ್‌ಸಿಲ್ ಎದೆ ಬಡಿದುಕೊಂಡು ಅತ್ತಳು. ಚಿಲ್‌ಬುನ್ ಅಕ್ಕ ಅವಳ ತಲೆ ನೇವರಿಸುತ್ತ ನನ್ನ ಕಡೆ ತಿರುಗಿ, ತಾನು ಉಂಡಿದ್ದಾಯಿತೇ ಎಂದು ಕೇಳಿದಳು.