ಹಗೇವಿಗೆ ಇಳಿದಾಗ

ನಿಟ್ಟೂರಿನ ನಮ್ಮ ಹಿತ್ತಲಿನ ಹಗೇವನ್ನು ಮುಚ್ಚಿಸುತ್ತೇನೆಂದು ಅಪ್ಪ ಫೋನಿನಲ್ಲಿ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ನೆಲದಡಿ ರಾಗಿ ತುಂಬಿಡುತ್ತಿದ್ದ ಆ ಗುಂಡಿಯ ಮೇಲೆ ಈಗ ಕಾರು ನಿಲ್ಲಬೇಕಂತೆ. ರಜೆ ಹಾಕಿ ಬಂದೆ.

ಬಂದರೆ, ಕರಿಬಸಜ್ಜಿಗೆ ನನ್ನ ಗುರುತೇ ಸಿಗಲಿಲ್ಲ. ಹೆತ್ತ ಮಗ ಅಡವಿಯಪ್ಪನನ್ನೇ, ಅಂದರೆ ನಮ್ಮಪ್ಪನನ್ನೇ, ಈಚೆಗೆ "ಯಾರಪ್ಪ ನೀನು, ಗುಬ್ಬಿ ಕಡೆಯವ್ನಾ?" ಎನ್ನುತ್ತಾಳಂತೆ.

"ಯಶಸ್ವಿನಿ ಕಣಜ್ಜಿ, ನಿನ್ ಮೊಮ್ಮಗಳು" ಅಂದೆ.

"ಹಂಗಾ. ಊಟ ಆಯ್ತಾ?" ಅಂದಳು, ಹೊರಗಿನವರನ್ನು ಕೇಳುವಂತೆ.

ಮಣ್ಣು ತುಂಬುವ ಮುಂಚೆ ಒಮ್ಮೆ ಹಗೇವಿಗೆ ಇಳಿಯುತ್ತೇನೆಂದು ಹಟ ಹಿಡಿದೆ.

"ಲ್ಯಾಬಲ್ಲೂ ಸುರಂಗ, ಇಲ್ಲೂ ಗುಂಡಿ. ನಿಂಗೆ ನೆಲದ್ ಮೇಲೆ ಇರಕ್ಕಾಗಲ್ವೇನೇ?" ಅಂದರು ಅಪ್ಪ.

ಮಾತು ಸುಳ್ಳಲ್ಲ. ನಮ್ಮ ಲ್ಯಾಬ್ ಇರುವುದು ಬೆಟ್ಟದ ಹೊಟ್ಟೆಯೊಳಗೆ. ನಕ್ಷತ್ರಗಳಲ್ಲಿ ಇಂಗಾಲಕ್ಕೆ ಹೀಲಿಯಂ ಬಡಿದು ಆಮ್ಲಜನಕವಾಗುತ್ತದಲ್ಲ, ಅದನ್ನೇ ಯಂತ್ರದಲ್ಲಿ ಮಾಡಿ ನೋಡುವುದು ನಮ್ಮ ಕೆಲಸ. ಆ ಕೂಡಿಕೆ ಬಲು ಅಪರೂಪ. ನೆಲದ ಮೇಲಾದರೆ ಆಕಾಶದಿಂದ ಸುರಿಯುವ ಕಣಗಳ ಗದ್ದಲದಲ್ಲಿ ಅದರ ಸುಳಿವೇ ಸಿಗದು. ಕಲ್ಲಿನಡಿ ಕೂತು ಒಂದು ನಿಜವಾದ ಸಂಕೇತಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತೇವೆ. ಹಾಗೆ ಕಾಯುವಾಗೆಲ್ಲ ನನಗೆ ಈ ಹಗೇವೇ ನೆನಪಾಗುತ್ತಿತ್ತು.

ಚಿಕ್ಕಂದಿನಲ್ಲಿ ತಳದ ರಾಗಿ ಬಾಚಲು ನನ್ನನ್ನೇ ಇಳಿಸುತ್ತಿದ್ದರು. ಒಳಗೆ ಗಾಳಿ ಕೆಟ್ಟಿದ್ದರೆ ಜೀವಕ್ಕೇ ಸಂಚಕಾರ. ಅದಕ್ಕೇ ಅಜ್ಜಿ ಗುಂಡಿಯ ಬಾಯಿಯ ಬಳಿ ಕೂತು ಕೂಗುತ್ತಲೇ ಇರುತ್ತಿದ್ದಳು, ನಾನು ಓಗೊಡುತ್ತಲೇ ಇರಬೇಕಿತ್ತು. ಓಗೊಡುವುದು ನಿಂತರೆ ಕೂಡಲೇ ಹಗ್ಗ ಎಳೆಯುವುದು ರೂಢಿ.

ಅಪ್ಪ ಗೊಣಗುತ್ತಲೇ ಮುಚ್ಚಿದ್ದ ಕಲ್ಲು ಸರಿಸಿ ದೀಪ ಇಳಿಬಿಟ್ಟರು. ಅದು ಆರಲಿಲ್ಲ. ನನ್ನ ಸೊಂಟಕ್ಕೆ ಹಗ್ಗ ಕಟ್ಟಿದರು. ಅಜ್ಜಿಯನ್ನು ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿ ಇಳಿದೆ. ತಳದಲ್ಲಿ ಹಳೇ ರಾಗಿಯ ವಾಸನೆ ಇನ್ನೂ ಹಾಗೇ ಇತ್ತು. ಹೊರಗಿನ ಸದ್ದೊಂದೂ ಇಲ್ಲ.

"ಯಶೂ, ಇದೀಯೇನವ್ವ?"

ಅಜ್ಜಿಯ ದನಿ. ಕಣ್ಣು ತುಂಬಿ ಬಂತು. ಇದೀನಜ್ಜಿ ಅನ್ನಬೇಕಿತ್ತು, ಅನ್ನಲಿಲ್ಲ. ಇನ್ನೊಂದು ಸಲ ಕರೆಯಲಿ ಎಂಬ ಆಸೆ.

"ಯಶೂ?" ದನಿಯಲ್ಲಿ ಗಾಬರಿಯಿತ್ತು. "ಲೋ ಅಡವಿಯಪ್ಪ, ಕೂಸು ಮಾತಾಡ್ತಿಲ್ಲ ಕಣ್ಲಾ. ಹಗ್ಗ ಎಳಿಯೋ ಮಗನೇ."

ಹಗ್ಗ ಅಲುಗಲಿಲ್ಲ. ಅಪ್ಪನೂ ತಮ್ಮ ಹೆಸರನ್ನು ಇನ್ನೊಂದು ಸಲ ಕೇಳಿಸಿಕೊಳ್ಳಲು ಕಾಯುತ್ತಿದ್ದರು.