ತುದಿಗೆ ಹೋದ ಬ್ರೋಮಿನ್

ಆರ್ಥಿಕ ಮುಗ್ಗಟ್ಟಿನ ಆ ವರ್ಷ ಚಿಕಾಗೋದಲ್ಲಿ ಇದ್ದ ಕೆಲಸ ಉಳಿಸಿಕೊಳ್ಳುವುದೇ ದೊಡ್ಡದಾಗಿತ್ತು. ಹೆಸ್ಟರ್ ಹಾಲ್ವರ್ಸನ್‌ಗೆ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಸಿಕ್ಕಿದ್ದ ಒಂದೇ ಒಂದು ಮೇಜು ಈಗ ಕೈತಪ್ಪುವ ಹಾಗಿತ್ತು.

ಅಲೈಲ್ ಬ್ರೋಮೈಡ್ ಎಂಬ ದ್ರವಕ್ಕೆ ಹೈಡ್ರೋಜನ್ ಬ್ರೋಮೈಡ್ ಅನಿಲ ಸೇರಿಸಿದರೆ ಹೊಸ ಬ್ರೋಮಿನ್ ಅದರ ಮೂರು ಇಂಗಾಲಗಳ ಸರಪಳಿಯಲ್ಲಿ ನಡುವಿನದಕ್ಕೆ ಅಂಟಬೇಕು. ಪುಸ್ತಕಗಳೆಲ್ಲ ಹೇಳುವುದು ಅದನ್ನೇ. ಹೆಸ್ಟರ್ ಮಾಡಿದಾಗ ಮಾತ್ರ ಅದು ಪ್ರತಿ ಸಲವೂ ತುದಿಗೆ ಹೋಗಿ ಕೂರುತ್ತಿತ್ತು. ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರ್ ಥಾರ್ನ್‌ಬರಿ ನಂಬಲಿಲ್ಲ.

"ನನ್ನ ಕಣ್ಣೆದುರೇ ಮಾಡಿ ತೋರ್ಸು. ಬರ್ಲಿಲ್ಲ ಅಂದ್ರೆ ಇಷ್ಟು ದಿನ ನೀನು ತಂದು ತೋರ್ಸಿದ್ದೆಲ್ಲ ಸುಳ್ಳು ಅಂತಾನೇ ಅರ್ಥ" ಎಂದರು.

ಹೆಸ್ಟರ್ ಬೀಗರು ಬರುವ ಮನೆಯಲ್ಲಿ ಅಂಗಳ ತೊಳೆಯುವ ಹಾಗೆ ಗಾಜನ್ನೆಲ್ಲ ತಿಕ್ಕಿ ತೊಳೆದಳು. ಎಷ್ಟೋ ತಿಂಗಳಿಂದ ಅರ್ಧ ಖಾಲಿಯಾಗಿ ನಿಂತಿದ್ದ ಅಲೈಲ್ ಬ್ರೋಮೈಡಿನ ಹಳೆಯ ಬಾಟಲಿಯಿಂದ ಬೇಕಾದಷ್ಟನ್ನೇ ತೆಗೆದು, ಹಿಂದಿನಂತೆ ಹಾಗೇ ಬಳಸದೆ ಬಟ್ಟಿಯಿಳಿಸಿದಳು. ಗಾಳಿ ತಾಗದಂತೆ ಹೈಡ್ರೋಜನ್ ಬ್ರೋಮೈಡಿನ ಜೊತೆ ಗಾಜಿನ ಕೊಳವೆಗೆ ತುಂಬಿದಳು. ಕೊಳವೆಯ ಬಾಯನ್ನು ಪ್ರೊಫೆಸರ್ ತಾವೇ ಕರಗಿಸಿ ಮುಚ್ಚಿದರು. ಇಷ್ಟು ಶುದ್ಧವಾಗಿ ಅವಳು ಎಂದೂ ಮಾಡಿರಲಿಲ್ಲ.

ಹಿಂದೆಲ್ಲ ಒಂದು ದಿನದಲ್ಲಿ ಮುಗಿಯುತ್ತಿದ್ದದ್ದು ಈ ಸಲ ವಾರ ದಾಟಿತು. ಕೊನೆಗೆ ಕೊಳವೆ ಒಡೆದು ಕಾಯಿಸಿದರೆ, ಬ್ರೋಮಿನ್ ತುದಿಯಲ್ಲಿದ್ದರೆ ಬೇಕಾಗುವ ಶಾಖಕ್ಕಿಂತ ಬಹಳ ಮೊದಲೇ ದ್ರವ ಕುದಿಯಿತು. ಬ್ರೋಮಿನ್ ನಡುವಿನಲ್ಲೇ ಇತ್ತು, ಪುಸ್ತಕದಲ್ಲಿ ಇದ್ದ ಹಾಗೆಯೇ.

"ಮೇಜು ಖಾಲಿ ಮಾಡಮ್ಮ" ಎಂದರು ಥಾರ್ನ್‌ಬರಿ. ಬೈದಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ.

ಹಳೆಯ ಬಾಟಲಿಯಲ್ಲಿ ಉಳಿದದ್ದನ್ನು ತೊಟ್ಟಿಗೆ ಸುರಿದು, ನಲ್ಲಿ ಬಿಟ್ಟು ಬಾಟಲಿ ತೊಳೆದಳು. ಸುರಿಯುವಾಗ ಒಂದು ಹನಿ ತೊಟ್ಟಿಯ ಅಂಚಿನಲ್ಲಿದ್ದ ಪಿಷ್ಟ-ಅಯೋಡೈಡ್ ಪರೀಕ್ಷಾ ಕಾಗದದ ಮೇಲೆ ಬಿದ್ದಿತ್ತು. ಕಾಗದ ನೀಲಿಯಾಗಿತ್ತು. ಗಾಳಿ ಕುಡಿದು ಪೆರಾಕ್ಸೈಡ್ ಆದ ದ್ರವ ಮಾತ್ರ ಹಾಗೆ ಮಾಡುತ್ತದೆ. ಹೆಸ್ಟರ್ ಬಾಟಲಿ ಹಿಡಿದೇ ಪಡಸಾಲೆಯಲ್ಲಿ ಹೋಗುತ್ತಿದ್ದ ಪ್ರೊಫೆಸರ್ ಬಳಿಗೆ ಓಡಿದಳು.

"ಸಾರ್, ಹಳೇ ಬಾಟ್ಲಿಗೆ ಗಾಳಿ ಸೇರಿತ್ತು. ಬ್ರೋಮಿನ್ನ ತುದಿಗೆ ಕಳಿಸ್ತಿದ್ದದ್ದು ಅದೇ. ನಾನು ಶುದ್ಧ ಮಾಡೋಕೆ ಹೋಗಿ ಅದನ್ನೇ ತೆಗೆದುಬಿಟ್ಟೆ."

"ಹೌದಾ? ಎಲ್ಲಿ, ಆ ಬಾಟ್ಲೀಲಿರೋದ್ನ ತೋರ್ಸು ನೋಡೋಣ."

ಬಾಟಲಿಯಿಂದ ನಲ್ಲಿನೀರು ತೊಟ್ಟಿಕ್ಕುತ್ತಿತ್ತು.

"ಹೊಸದನ್ನ ಬಾಯಿ ತೆಗೆದಿಟ್ರೆ ಅದೂ ಹಾಗೇ ಆಗತ್ತೆ ಸಾರ್. ಕೆಲವು ವಾರ ಬೇಕು, ಅಷ್ಟೇ."

"ಆ ಕೆಲವು ವಾರ ನೀನು ಇಲ್ಲಿ ಇರಲ್ವಲ್ಲಮ್ಮ" ಎಂದು ಅವರು ಪ್ರಯೋಗಾಲಯದ ಬೀಗದ ಕೈಗಾಗಿ ಕೈ ಚಾಚಿದರು.